ಒಡೆಯದ ಕನ್ನಡಿ

ಬೇಸಗೆಯ ನಡುಹಗಲಲ್ಲಿ ರಸ್ತೆಯ ಮೇಲೆ ನೀರು ನಿಂತಂತೆ ತೋರುವುದನ್ನು ನಾವೆಲ್ಲ ಕಂಡಿದ್ದೇವೆ. ಕಾದ ನೆಲಕ್ಕೆ ತಾಗಿದ ಗಾಳಿ ವಿರಳವಾಗುತ್ತದೆ. ಮೇಲಿನದು ಸಾಂದ್ರವಾಗಿಯೇ ಉಳಿಯುತ್ತದೆ. ಇವೆರಡರ ನಡುವೆ ಹಾಯುವ ಬೆಳಕು ಬಾಗಿ, ಆಕಾಶದ ತುಣುಕೊಂದನ್ನು ನೆಲದ ಮೇಲೆ ತಂದಿರಿಸುತ್ತದೆ. ಬಿಸಿಲ್ಗುದುರೆಯೆಂಬ ಚೆಲುವಾದ ಹೆಸರು ಅದಕ್ಕೆ. ಗಾಜಿನ ನೆರವಿಲ್ಲದೆ ಬೆಳಕನ್ನು ತಿರುಗಿಸಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಗಾಜಿರುವಾಗ ಗಾಳಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಪ್ರಬಲ ಲೇಸರಿನ ಬೆಳಕು ತನಗೆ ದಾರಿ ತೋರುವ ಗಾಜನ್ನೇ ಗಾಯಗೊಳಿಸುತ್ತದೆ. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 2022ರ ಡಿಸೆಂಬರಿನಲ್ಲಿ 192 ಕಿರಣಗಳು ಪುಟ್ಟದೊಂದು ಗುರಿಗೆ 2.05 ಮೆಗಾಜೂಲ್ ಶಕ್ತಿಯನ್ನು ತಲಪಿಸಿ, ಪರಮಾಣು ಸಮ್ಮಿಲನದಿಂದ 3.15 ಮೆಗಾಜೂಲನ್ನು ಪಡೆದುವು. ಲೋಕವೆಲ್ಲ ಕೊಂಡಾಡಿದ ಸಾಧನೆಯಿದು. ಆದರೆ ಅಲ್ಲಿ ಮಸೂರಗಳನ್ನು ಮತ್ತೆ ಮತ್ತೆ ಕಳಚಿ, ಗಾಯಗಳನ್ನು ಮಾಯಿಸಿ ಕೂರಿಸುವ ಕೆಲಸಕ್ಕೆ ಕೊನೆಯಿಲ್ಲ. ಗಾಳಿಯಾದರೋ ಬಿರುಕು ಬಿಡುವುದನ್ನರಿಯದು. ಕೆಟ್ಟಲ್ಲಿಗೆ ಹೊಸ ಗಾಳಿ ತಾನಾಗಿ ಬಂದು ನಿಲ್ಲುತ್ತದೆ.

ತೊಡಕಿರುವುದು ಗಾಳಿಯ ದೌರ್ಬಲ್ಯದಲ್ಲಿ. ಅದರ ವಕ್ರೀಭವನಾಂಕ ನಿರ್ವಾತಕ್ಕಿಂತ ಹತ್ತು ಸಾವಿರದಲ್ಲಿ ಮೂರು ಪಾಲಿನಷ್ಟು ಮಾತ್ರ ಹೆಚ್ಚು. ಒಂದು ಪದರದಿಂದ ಆಗದ ಕೆಲಸವನ್ನು ಸಾಲುಗಟ್ಟಿದ ಅನೇಕ ಪದರಗಳಿಂದ ಮಾಡಿಸಬೇಕು. ಅಂಥ ಸಾಲನ್ನು ಶಬ್ದ ಕಟ್ಟಿಕೊಡುತ್ತದೆ, ಏಕೆಂದರೆ ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತವೇ. ಪದರಗಳ ಅಂತರಕ್ಕೆ ತಕ್ಕ ಕೋನದಲ್ಲಿ ಬೆಳಕು ಬಂದರೆ, ಒಂದೊಂದು ಪದರವೂ ಹೊರಳಿಸಿದ ಅಲ್ಪ ಬೆಳಕು ಒಂದೇ ದಿಕ್ಕಿನಲ್ಲಿ ಕೂಡಿಕೊಳ್ಳುತ್ತದೆ. ಬೆಳಕು–ಶಬ್ದಗಳ ಈ ನಂಟಿನ ಗಣಿತವನ್ನು 1935–36ರಲ್ಲಿ ಬಿಡಿಸಿಟ್ಟ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು ಆಗ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಲೇಸರು ಹುಟ್ಟಲು ಇನ್ನೂ ಕಾಲು ಶತಮಾನವಿತ್ತು!

2023ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ವಿಜ್ಞಾನಿಗಳು, ಕೋಣೆಯ ಸಾಮಾನ್ಯ ಗಾಳಿಯಲ್ಲಿಯೇ ಶ್ರವಣಾತೀತ ಶಬ್ದವನ್ನು ತುಂಬಿ, 20 ಗಿಗಾವಾಟ್ ಉಚ್ಚ ಸಾಮರ್ಥ್ಯದ ಲೇಸರ್ ಮಿಡಿತಗಳಲ್ಲಿ ಅರ್ಧದಷ್ಟು ಬೆಳಕನ್ನು ಬೇರೆ ಹಾದಿಗೆ ಹೊರಳಿಸಿದ ವರದಿ ಪ್ರಕಟವಾಯಿತು. ಕಿರಣದ ಗುಣವೂ ಕೆಡಲಿಲ್ಲ. ಆ ಶಬ್ದದ ಮಟ್ಟ ಸುಮಾರು 140 ಡೆಸಿಬೆಲ್. ಹತ್ತಿರ ನಿಂತು ಕೇಳುವ ಜೆಟ್ ವಿಮಾನದ ಅಬ್ಬರಕ್ಕೆ ಸಮ. ನಮ್ಮ ಕಿವಿಗೆ ಅದು ಕೇಳಿಸದೆಂಬುದು ಪುಣ್ಯ.

ಜಪಾನಿನ ಮಿಚಿನೆ ಮತ್ತು ಯೋನೆಡ ಎಂಬವರು 2020ರಲ್ಲಿ ಪ್ರಕಟಿಸಿದ ಉಪಾಯ ಬೇರೆ. ಅವರು ಹೊರಗಿನಿಂದ ಶಬ್ದವನ್ನು ತುಂಬಲಿಲ್ಲ. ಅನಿಲಕ್ಕೆ ಓಜೋನನ್ನು ಬೆರೆಸಿ, ನೇರಳಾತೀತ ಬೆಳಕಿನ ಪಟ್ಟೆಗಳನ್ನು ಅದರ ಮೇಲೆ ಮೂಡಿಸಿದರು. ಓಜೋನ್ ಆ ಬೆಳಕನ್ನು ಹೀರಿ ಬಿಸಿಯಾದಲ್ಲೆಲ್ಲ ಅನಿಲದ ಸಾಂದ್ರತೆ ಬದಲಾಗಿ, ಪದರಗಳು ಏರ್ಪಟ್ಟುವು. ಹಾಯ್ದ ಲೇಸರಿನಲ್ಲಿ ಶೇಕಡಾ 96 ಭಾಗ ತಿರುಗಿತು; ಚದರ ಸೆಂಟಿಮೀಟರಿಗೆ 1.6 ಕಿಲೋಜೂಲಿನ ಹೊಡೆತವನ್ನೂ ಅದು ತಾಳಿತು. ಗಾಜಿಗೆ ಇದು ಎಟುಕದ ಮಾತು. ಆದರೆ ಈ ಕನ್ನಡಿ ಎವೆಯಿಕ್ಕುವಷ್ಟು ಹೊತ್ತೂ ನಿಲ್ಲದು. ಲೇಸರಿನ ಮಿಡಿತ ಆ ಕ್ಷಣಕ್ಕೇ ಬಂದು ಹಾಯಬೇಕು. ಮುಂದಿನ ಮಿಡಿತಕ್ಕೆ ಇನ್ನೊಂದು ಕನ್ನಡಿಯನ್ನು ಹೊಸದಾಗಿ ಕಟ್ಟಬೇಕು.