ನಾಲ್ಕನೆಯ ತರಗತಿಯ ಹೊಸ್ತಿಲು

ಪ್ರತಿವರ್ಷ ಶಾಲೆಗಳು ತೆರೆಯುವ ಹೊತ್ತಿಗೆ ನಮ್ಮ ಸಮಾಜದ ಮನೆಗಳಲ್ಲಿ ಎರಡು ಬಗೆಯ ಮಕ್ಕಳ ಕುರಿತು ಮಾತು ಹೆಚ್ಚು. ಒಂದನೆಯ ತರಗತಿಗೆ ಸೇರುವ ಮಗುವಿನ ಬಗ್ಗೆ ಸಂಭ್ರಮ, ಹತ್ತನೆಯ ತರಗತಿಗೆ ಹೋಗುವವರ ಬಗ್ಗೆ ಆತಂಕ. ಇವುಗಳ ನಡುವೆ ನಾಲ್ಕನೆಯ ತರಗತಿಗೆ ಕಾಲಿಡುವ ಒಂಬತ್ತು ವರ್ಷದ ಮಗುವನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ‘ಓದುಬರಹ ಕಲಿತಾಯಿತು, ಇನ್ನು ತಾನಾಗಿಯೇ ಸಾಗುತ್ತದೆ’ ಎಂಬ ನೆಮ್ಮದಿ ತಂದೆತಾಯಿಗಳದು. ಪ್ರವಚನದ ನಿಮಿತ್ತ ವೈಟ್‌ಫೀಲ್ಡ್, ವರ್ತೂರು, ಕಾಡುಗೋಡಿಗಳ ಭಕ್ತರ ಮನೆಗಳಿಗೆ ಹೋದಾಗ ಈ ಮಾತನ್ನು ನಾವು ಪದೇ ಪದೇ ಕೇಳಿದ್ದೇವೆ. ಅದೇ ಮನೆಗಳಲ್ಲಿ ದೀಪಾವಳಿಯ ವೇಳೆಗೆ ‘ಮೂರನೆಯ ತರಗತಿಯವರೆಗೆ ಚೆನ್ನಾಗಿಯೇ ಇದ್ದ, ಈಗ ಏನಾಯಿತೋ’ ಎಂಬ ಚಿಂತೆಯನ್ನೂ ಕೇಳಿದ್ದೇವೆ. ಬಹುಪಾಲು ಪ್ರಸಂಗಗಳಲ್ಲಿ ಮಗುವಿಗೆ ಏನೂ ಆಗಿರುವುದಿಲ್ಲ. ಶಾಲೆಯು ಮಗುವಿನಿಂದ ಬಯಸುವುದು ಬದಲಾಗಿರುತ್ತದೆ.

ಆ ಬದಲಾವಣೆ ಯಾವುದು? ಮೊದಲ ಮೂರು ವರ್ಷಗಳಲ್ಲಿ ಮಗು ಓದುವುದನ್ನು ಕಲಿಯುತ್ತದೆ. ನಾಲ್ಕನೆಯ ವರ್ಷದಿಂದ ಓದಿನ ಮೂಲಕ ಬೇರೆಲ್ಲವನ್ನೂ ಕಲಿಯಬೇಕಾಗುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದುಷಿ ಜೀನ್ ಚಾಲ್ 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಓದಿನ ಹಂತಗಳನ್ನು ವಿಂಗಡಿಸಿ ಈ ತಿರುವನ್ನು ಗುರುತಿಸಿದರು. ಅಲ್ಲಿಯವರೆಗೆ ಸರಿಯಾಗಿ ಓದುತ್ತಿದ್ದ ಬಡ ಕುಟುಂಬಗಳ ಮಕ್ಕಳು ನಾಲ್ಕನೆಯ ತರಗತಿಯ ಸುಮಾರಿಗೆ ಹಿಂದೆ ಬೀಳತೊಡಗುವುದನ್ನು 1990ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ವಿವರಿಸಿದರು. ಆ ಮಕ್ಕಳಿಗೆ ಮೊದಲು ತೊಡಕಾದುದು ದಿನಬಳಕೆಯಲ್ಲಿಲ್ಲದ ಪುಸ್ತಕದ ಪದಗಳ ಅರ್ಥ. ಅಕ್ಷರ ಕೂಡಿಸಿ ಓದುವುದು ಅವರಿಗೆ ಬರುತ್ತಿತ್ತು.

ನಮ್ಮ ನಾಡಿನ ಸರ್ಕಾರಿ ಶಾಲೆಗಳಲ್ಲಿ ಈ ತಿರುವು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯು 2009ರ ನಂತರ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಗುಂಪುಗಳಾಗಿ ಕುಳಿತು, ಚಿತ್ರಕಾರ್ಡುಗಳನ್ನು ಹಿಡಿದು, ಕಲಿಕಾ ಏಣಿಯ ಒಂದೊಂದೇ ಮೆಟ್ಟಿಲನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ನಾಲ್ಕನೆಯ ತರಗತಿಯಲ್ಲಿ ಆ ಏಣಿ ಇಲ್ಲ. ಪಠ್ಯಪುಸ್ತಕ, ಕರಿಹಲಗೆ, ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ವೈಟ್‌ಫೀಲ್ಡ್‌ನಲ್ಲಿ ಏಳುವ ಗಗನಚುಂಬಿ ಕಟ್ಟಡಗಳ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ಓದುವುದು ಹೆಚ್ಚಾಗಿ ಇಂತಹ ಶಾಲೆಗಳಲ್ಲಿ. ಆ ತಂದೆತಾಯಿಗಳಿಗೆ ನಾವು ಹೇಳುವುದಿಷ್ಟೆ: ಮಗು ಜೂನ್ ಜುಲೈ ತಿಂಗಳಲ್ಲಿ ‘ಶಾಲೆ ಬೇಸರ’ ಎಂದರೆ ಸೋಮಾರಿತನವೆಂದು ಗದರಬೇಡಿರಿ. ಕಾರ್ಡು ಹೋಗಿ ಪುಸ್ತಕ ಬಂದಿದೆ. ಹೊಂದಿಕೊಳ್ಳಲು ಕೆಲವು ತಿಂಗಳು ಬೇಕು. ಇನ್ನೊಂದು ಮಾತು. ಹಬ್ಬ ಜಾತ್ರೆಗೆಂದು ಊರಿಗೆ ಹೋದವರು ತಿಂಗಳುಗಟ್ಟಲೆ ನಿಂತರೆ ಈ ವರ್ಷದ ಪಾಠದಲ್ಲಿ ಬೀಳುವ ಅಂತರವನ್ನು ತುಂಬುವುದು ಕಷ್ಟ. ನಲಿಕಲಿಯಲ್ಲಿ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಏರಬಹುದಿತ್ತು. ಇಲ್ಲಿ ಆ ಸೌಕರ್ಯವಿಲ್ಲ.

ನಮ್ಮ ಓದುಗ ಬಂಧುಗಳಲ್ಲಿ ಹೆಚ್ಚಿನವರ ಮಕ್ಕಳು ಓದುವುದು ಖಾಸಗಿ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಎಂಬುದನ್ನು ಬಲ್ಲೆವು. (ಈ ನೆಲಕ್ಕೆ ಇಂಗ್ಲಿಷ್ ಹೊಸತೇನೂ ಅಲ್ಲ. 1882ರಲ್ಲಿ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ ಭೂಮಿ ದಯಪಾಲಿಸಿದ್ದರಿಂದಲೇ ಅಲ್ಲವೇ ವೈಟ್‌ಫೀಲ್ಡ್ ಹುಟ್ಟಿದ್ದು!) ಅಲ್ಲಿಯೂ ತಿರುವು ಇದೇ, ಪುಸ್ತಕಗಳು ಮಾತ್ರ ಬೇರೆ. ಗಣಿತದಲ್ಲಿ ನಾಲ್ಕು ಅಂಕಿಯ ಸಂಖ್ಯೆಗಳು, ದೊಡ್ಡ ಗುಣಾಕಾರ ಭಾಗಾಕಾರ, ಭಿನ್ನರಾಶಿಯ ಪರಿಚಯ, ಸುತ್ತಳತೆ ಬರುತ್ತವೆ. ಇವುಗಳನ್ನು ನೋಡಿ ತಂದೆತಾಯಿಗಳು ಕೂಡಲೇ ಗಣಿತದ ಟ್ಯೂಷನ್ ಹುಡುಕುತ್ತಾರೆ. ಗಣಿತದ ತೊಡಕು ಎಷ್ಟೋ ವೇಳೆ ಭಾಷೆಯ ತೊಡಕಾಗಿರುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಒಂದು ನಿದರ್ಶನ. ಬೆಳಗಾವಿ ಜಿಲ್ಲೆಯಿಂದ ಬಂದು ಇಲ್ಲಿ ನೆಲೆಸಿದ ಒಂದು ಮನೆಯಲ್ಲಿ ನಾಲ್ಕನೆಯ ತರಗತಿಯ ಬಾಲಕನೊಬ್ಬ ಲೆಕ್ಕ ಮಾಡುತ್ತಿದ್ದ. ಪೆಟ್ಟಿಗೆಯೊಂದರಲ್ಲಿ 24ರಂತೆ 15 ಪೆಟ್ಟಿಗೆ ಮಾವಿನ ಹಣ್ಣು, ಅವುಗಳಲ್ಲಿ 38 ಕೊಳೆತುಹೋದವು, ಉಳಿದವು ಎಷ್ಟು? ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಬಾಲಕ 24ಕ್ಕೆ 15 ಕೂಡಿಸಿ, 38 ಕಳೆದು, ‘ಒಂದು ಹಣ್ಣು ಉಳಿಯಿತು’ ಎಂದು ಬರೆದಿದ್ದ. ತಂದೆಗೆ ಕೋಪ. ಮಗ್ಗಿ ಬಾರದ ಹುಡುಗನೆಂದು ಅವರ ತೀರ್ಮಾನ. ನಾವು ಅವನನ್ನು ಹತ್ತಿರ ಕೂರಿಸಿಕೊಂಡು, ‘ಒಂದೊಂದು ಪೆಟ್ಟಿಗೆಯಲ್ಲೂ 24 ಹಣ್ಣು, ಅಂಥವು ಹದಿನೈದು ಪೆಟ್ಟಿಗೆ’ ಎಂದು ಮನೆಯ ಮಾತಿನಲ್ಲಿ ಹೇಳಿದೆವು. ಹುಡುಗ ತಟ್ಟನೆ ಗುಣಿಸಿ 360 ಎಂದ, 38 ಕಳೆದು 322 ಎಂದ. ಮಗ್ಗಿ ಅವನಿಗೆ ಬಾಯಿಪಾಠವಾಗಿತ್ತು. ‘ಈಚ್’ ಎಂಬ ಒಂದು ಪುಟ್ಟ ಪದದ ಮೇಲೆ ಅವನ ಕಣ್ಣು ನಿಲ್ಲದೆ ಜಾರಿತ್ತು. ಪರಿಸರ ಅಧ್ಯಯನದ ಪುಸ್ತಕದಲ್ಲಿ ಇಂಥ ಪದಗಳು ಪುಟಪುಟಕ್ಕೂ ಸಿಗುತ್ತವೆ.

ಆದುದರಿಂದ ಮಗುವನ್ನು ಟ್ಯೂಷನ್‌ಗೆ ಕಳುಹಿಸುವ ಮುನ್ನ ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಅದು ಹಿಂದೆ ಕಾಣದ ಒಂದು ಪುಟವನ್ನು ಕೊಟ್ಟು ಗಟ್ಟಿಯಾಗಿ ಓದಿಸಿರಿ. ಓದಿದ ಮೇಲೆ ಪುಸ್ತಕ ಮುಚ್ಚಿ, ಅದರಲ್ಲಿ ಏನಿತ್ತೆಂದು ತನ್ನ ಮಾತಿನಲ್ಲಿ ಹೇಳಲು ಕೇಳಿರಿ. ಓದು ತಡವರಿಸಿದರೆ ಒಂದು ಬಗೆಯ ಕೊರತೆ. ಸರಾಗವಾಗಿ ಓದಿಯೂ ಹೇಳಲಾಗದಿದ್ದರೆ ಇನ್ನೊಂದು ಬಗೆ. ಮೊದಲನೆಯದಕ್ಕೆ ದಿನವೂ ಗಟ್ಟಿಯಾಗಿ ಓದಿಸುವ ಅಭ್ಯಾಸ ಬೇಕು. ಎರಡನೆಯದಕ್ಕೆ ಮಾತುಕತೆ ಬೇಕು. ಅದು ಟ್ಯೂಷನ್ ಮನೆಯಲ್ಲಿ ದೊರೆಯುವುದು ದುರ್ಲಭ.

ಇನ್ನು ಕನ್ನಡದ ವಿಚಾರ. ಇಂಗ್ಲಿಷಿಗೆ 26 ಅಕ್ಷರ. ನಮ್ಮ ಮಕ್ಕಳು ವರ್ಣಮಾಲೆಯ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರಗಳನ್ನು ಕಲಿಯಬೇಕು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕನ್ನಡ ಅಕ್ಷರಗಳ ಮೇಲಿನ ಪೂರ್ಣ ಹಿಡಿತ ನಿಧಾನವಾಗಿ, ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತ ಹೋಗುತ್ತದೆ ಎಂಬುದನ್ನು ತೋರಿಸಿತು. ಕನ್ನಡವನ್ನೇ ಮಾಧ್ಯಮವಾಗಿ ಕಲಿಯುವ ಮಗುವಿಗೇ ಇಷ್ಟು ಕಾಲ ಬೇಕೆಂದಮೇಲೆ, ವಾರಕ್ಕೆ ಕೆಲವೇ ಅವಧಿಗಳ ಕನ್ನಡ ದೊರೆಯುವ ಮಗುವಿನ ಗತಿಯೇನು? ನಾಲ್ಕನೆಯ ತರಗತಿಯಲ್ಲಿ ಅದು ‘ಸ್ವಾತಂತ್ರ್ಯ’ ಎಂಬ ಪದದ ಮುಂದೆ ನಿಂತುಬಿಟ್ಟರೆ ಅಚ್ಚರಿಯಿಲ್ಲ. ಅಳುಕುವ ಕಾರಣವೂ ಇಲ್ಲ. ಆದರೆ ಅಲ್ಲಿಯೇ ಬಿಟ್ಟುಬಿಟ್ಟರೆ ಹಿಡಿತ ಬರುವ ಮೊದಲೇ ಕನ್ನಡ ಕೈತಪ್ಪುತ್ತದೆ.

ವೈಟ್‌ಫೀಲ್ಡ್ ನಿವಾಸಿಗಳಿಗೆ ಒಂದು ಸುಲಭ ಸಾಧನವಿದೆ. 2023ರ ಮಾರ್ಚ್ 25ರಂದು ಆರಂಭವಾದ ಮೆಟ್ರೋ ಮಾರ್ಗದ ನಿಲ್ದಾಣಗಳ ಹೆಸರನ್ನು ಮಗುವಿನಿಂದ ಕನ್ನಡದಲ್ಲಿ ಓದಿಸಿರಿ. ಚನ್ನಸಂದ್ರ, ಪಟ್ಟಂದೂರು ಅಗ್ರಹಾರ, ಸತ್ಯಸಾಯಿ ಆಸ್ಪತ್ರೆ, ನಲ್ಲೂರುಹಳ್ಳಿ, ಸಿಂಗಯ್ಯನಪಾಳ್ಯ. ಸಜಾತೀಯ ಒತ್ತು, ವಿಜಾತೀಯ ಒತ್ತು ಎರಡಕ್ಕೂ ಇಷ್ಟು ಚೆಂದದ ಪಾಠ ಯಾವ ಪುಸ್ತಕದಲ್ಲಿದೆ? ಮನೆಯಲ್ಲಿ ವಚನಗಳಿವೆ. ಚಿಕ್ಕ ವಾಕ್ಯಗಳು, ಆಡುಮಾತಿನ ಲಯ, ಕೆಲವೇ ಸಾಲುಗಳಲ್ಲಿ ಒಂದು ಪೂರ್ಣ ವಿಚಾರ. ಒಂಬತ್ತು ವರ್ಷದ ಮಗುವಿನ ಓದಿಗೆ ಇದಕ್ಕಿಂತ ಹೊಂದುವ ಗದ್ಯ ವಿರಳ. ಆದರೆ ನಮ್ಮ ಮನೆಗಳಲ್ಲಿ ವಚನವನ್ನು ಕಂಠಪಾಠ ಮಾಡಿಸಿ, ವೇದಿಕೆಯ ಮೇಲೆ ಹೇಳಿಸಿ, ಬಹುಮಾನ ಬಂದಿತೆಂದು ತೃಪ್ತರಾಗುವುದೇ ಹೆಚ್ಚು. ಮಠದ ಪಾಠಶಾಲೆಯಲ್ಲಿ ಕಂಠಪಾಠದಿಂದಲೇ ಬೆಳೆದವರು ನಾವು; ಅದರ ಬೆಲೆಯನ್ನು ಅಲ್ಲಗಳೆಯುವವರಲ್ಲ. ಆದರೂ ಹೇಳುತ್ತೇವೆ: ವಾರಕ್ಕೆ ಒಂದೇ ವಚನವಾಗಲಿ, ಪುಸ್ತಕ ನೋಡಿ ಓದಿಸಿರಿ, ಅರ್ಥವನ್ನು ಮಗುವಿನಿಂದಲೇ ಕೇಳಿರಿ. ಅದರ ಅರ್ಥ ಪಂಡಿತರ ಅರ್ಥಕ್ಕೆ ಹೊಂದದಿದ್ದರೂ ತಡೆಯಬೇಡಿರಿ.

ನಾಲ್ಕನೆಯ ತರಗತಿಗೂ ಕನ್ನಡಕ್ಕೂ ಇರುವ ನಂಟು ಹಳೆಯದು. 1994ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ಆದೇಶಿಸಿತು. ಇಂಗ್ಲಿಷ್ ಮಾಧ್ಯಮಕ್ಕೆ ಅವಕಾಶ ಅದರಾಚೆಗೆ. 2008ರಲ್ಲಿ ಉಚ್ಚ ನ್ಯಾಯಾಲಯವೂ, 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ ಆ ನಿರ್ಬಂಧ ಸಲ್ಲದೆಂದವು. ಯಾವ ಭಾಷೆಯಲ್ಲಿ ಕಲಿಯಬೇಕೆಂಬ ಆಯ್ಕೆ ಮಗುವಿನದು, ಮಗುವಿನ ಪರವಾಗಿ ತಂದೆತಾಯಿಗಳದು ಎಂಬುದು ಆ ತೀರ್ಪಿನ ಸಾರ. ಬಳಿಕ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ತೀರ್ಪಿನ ಸರಿತಪ್ಪನ್ನು ಚರ್ಚಿಸಲು ಈ ಲೇಖನ ಸ್ಥಳವಲ್ಲ. ಆದರೆ ಅದರ ಒಂದು ಪರಿಣಾಮವನ್ನು ತಂದೆತಾಯಿಗಳು ಪೂರ್ತಿ ಗ್ರಹಿಸಿಲ್ಲವೆಂದು ನಮಗೆ ತೋರುತ್ತದೆ. ನಾಲ್ಕು ವರ್ಷಗಳ ಕನ್ನಡದ ಹೊಣೆಯನ್ನು ಸರ್ಕಾರ ಹೊರಲು ಹೊರಟಿತ್ತು. ಆ ಹೊಣೆ ಈಗ ಮನೆಯ ಮೇಲೆ ಬಂದಿದೆ. ನಾಲ್ಕನೆಯ ತರಗತಿಯ ಕೊನೆಗೋ ಅದರ ಮರುವರ್ಷವೋ ಹಲವು ಶಾಲೆಗಳು ಭಾಷೆಗಳ ಆಯ್ಕೆಯ ನಮೂನೆಯನ್ನು ಮನೆಗೆ ಕಳುಹಿಸುತ್ತವೆ. ‘ಅಂಕ ಸುಲಭವಾಗಿ ಬರುವ ಭಾಷೆ ಯಾವುದು’ ಎಂದಷ್ಟೇ ವಿಚಾರಿಸಿ ಐದು ನಿಮಿಷದಲ್ಲಿ ಸಹಿ ಹಾಕುವವರನ್ನು ಕಂಡಿದ್ದೇವೆ. ಊರಿನಲ್ಲಿರುವ ಅಜ್ಜಿ ಬರೆದ ಕಾಗದವನ್ನು ಮೊಮ್ಮಗಳು ಓದಬಲ್ಲಳೇ ಎಂಬುದೂ ಆ ಸಹಿಯಲ್ಲಿ ಅಡಗಿದೆ.

ಪರಿಸರ ಅಧ್ಯಯನದಲ್ಲಿ ನೀರು, ಆಹಾರ, ಸಸ್ಯ, ಸಂಚಾರ ಮೊದಲಾದ ವಿಷಯಗಳು ಬರುತ್ತವೆ. ಮಗು ‘ನಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ’ ಎಂದು ಕೇಳಿದರೆ ಪುಸ್ತಕದ ಉತ್ತರವನ್ನು ಬರೆಸಿ ಮುಗಿಸಬಾರದು. 2024ರ ಬೇಸಿಗೆಯಲ್ಲಿ ಇಲ್ಲಿಯ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಕಾದದ್ದನ್ನು, ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತ ಉದ್ಘಾಟನೆಯಾದುದನ್ನು ಹೇಳಿರಿ. ವರ್ತೂರು ಕೆರೆಯ ಏರಿಯವರೆಗೆ ಒಂದು ಭಾನುವಾರ ನಡೆದುಹೋಗಿರಿ.

ಸ್ವಭಾವದಲ್ಲಿಯೂ ಈ ವಯಸ್ಸು ಒಂದು ಕವಲು. ಗೆಳೆಯರ ಮಾತು ತಾಯಿಯ ಮಾತಿಗಿಂತ ತೂಕವಾಗತೊಡಗುತ್ತದೆ. ಮಗು ತನ್ನನ್ನು ಇತರರೊಡನೆ ಹೋಲಿಸಿಕೊಳ್ಳುತ್ತದೆ, ಕಡಿಮೆ ಅಂಕದ ಉತ್ತರಪತ್ರಿಕೆಯನ್ನು ಚೀಲದ ತಳದಲ್ಲಿ ಬಚ್ಚಿಡುತ್ತದೆ. ಬಚ್ಚಿಟ್ಟದ್ದು ಸಿಕ್ಕಾಗ ಮೊದಲು ಅಂಕದ ಮಾತು ಎತ್ತದಿರುವುದು ಜಾಣತನ. ರಾಜ್ಯ ಪಠ್ಯಕ್ರಮದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಮೊದಲ ರೂಪಣಾತ್ಮಕದ ಬಳಿಕವೇ ಶಿಕ್ಷಕಿಯನ್ನು ಕಂಡು, ಅಂಕಕ್ಕಿಂತ ಮಿಗಿಲಾಗಿ ‘ಓದುತ್ತಾನೆಯೇ, ಓದಿದ್ದು ಹೇಳುತ್ತಾನೆಯೇ’ ಎಂದು ವಿಚಾರಿಸಿದರೆ ವರ್ಷದ ಮುಕ್ಕಾಲು ಭಾಗ ತಿದ್ದಲು ಉಳಿದಿರುತ್ತದೆ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ ಮಗು ಐದನೆಯ ತರಗತಿಯಲ್ಲಿರುವಾಗ ಬರುತ್ತದೆ. ಅದಕ್ಕೆಂದು ನಾಲ್ಕರಿಂದಲೇ ತರಬೇತಿ ಕೇಂದ್ರಕ್ಕೆ ದೂಡುವುದನ್ನು ನಾವು ಒಪ್ಪೆವು.

ಕೊನೆಯದಾಗಿ, ಕೆಲವು ಮಕ್ಕಳು ಮನೆಯವರ ಶ್ರದ್ಧೆ, ಶಿಕ್ಷಕರ ಪ್ರಯತ್ನ ಎರಡೂ ಇದ್ದು ಓದಲಾರರು. ಮಾತಿನಲ್ಲಿ ಚುರುಕು, ಬುದ್ಧಿಯಲ್ಲಿ ತೀಕ್ಷ್ಣ, ಪುಟ ತೆರೆದರೆ ಮಾತ್ರ ಅಕ್ಷರಗಳು ಅದಲುಬದಲು. ಮೊದಲು ಕಣ್ಣು, ಕಿವಿಗಳನ್ನು ತಪಾಸಣೆ ಮಾಡಿಸಿರಿ. ಕರಿಹಲಗೆ ಕಾಣದ ಮಗುವನ್ನು ದಡ್ಡನೆಂದು ಹೊಡೆದ ನಿದರ್ಶನಗಳು ನಮ್ಮ ಕಾಲದಲ್ಲಿ ಬೇಕಾದಷ್ಟಿದ್ದವು. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ನಿರ್ದಿಷ್ಟ ಕಲಿಕಾ ತೊಂದರೆಯನ್ನು ಗುರುತಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಪ್ರಮಾಣಪತ್ರವಿದ್ದರೆ ಮುಂದೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವೂ ದೊರೆಯುತ್ತದೆ. ‘ಜನ ಏನೆಂದಾರು’ ಎಂದು ಇದನ್ನು ಏಳನೆಯ ಎಂಟನೆಯ ತರಗತಿಯವರೆಗೆ ಮುಂದೂಡಿದ ಮನೆಗಳುಂಟು. ಅಷ್ಟು ಹೊತ್ತಿಗೆ ಆ ಮಗು ಪುಸ್ತಕವನ್ನು ಮುಟ್ಟುವುದನ್ನೇ ಬಿಟ್ಟಿತ್ತು.