ಉತಾರದ ಚುಕ್ಕಿಯೂ ಮೂರನೆಯ ಪಾಲೂ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತರು ಹೊಲದ ಉತಾರದಲ್ಲಿ 2.10 ಎಂಬ ಅಂಕಿಯನ್ನು ಕಂಡರೆ ಅದನ್ನು ಎರಡು ಎಕರೆ ಹತ್ತು ಗುಂಟೆ ಎಂದು ಸರಿಯಾಗಿಯೇ ಓದುತ್ತಾರೆ; ಅದೇ ಅಂಕಿಯನ್ನು ಇದ್ದಂತೆಯೇ ಕ್ಯಾಲ್ಕ್ಯುಲೇಟರಿಗೆ ಒತ್ತಿದರೆ ಮಾತ್ರ ಅದು ಎರಡು ಪೂರ್ಣ ಎಕರೆ ಮತ್ತು ಒಂದು ಎಕರೆಯ ಹತ್ತನೆಯ ಒಂದು ಭಾಗವಾಗಿ, ಅಂದರೆ ಎರಡು ಎಕರೆ ನಾಲ್ಕು ಗುಂಟೆಯಾಗಿ ಕುಗ್ಗಿ, ಆರು ಗುಂಟೆ ನೆಲ ಲೆಕ್ಕದಿಂದ ಕಾಣೆಯಾಗುತ್ತದೆ. ಉತಾರದ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ. ಅದರ ಬಲಕ್ಕಿರುವ ಸಂಖ್ಯೆಯು ಒಂದು ಭಿನ್ನರಾಶಿಯ ಅಂಶ, ಅಂದರೆ ತೆಗೆದುಕೊಂಡ ಭಾಗಗಳ ಎಣಿಕೆ. ಬರೆಯದೆ ಬಿಟ್ಟ ಛೇದ, ಅಂದರೆ ಒಂದು ಎಕರೆಯನ್ನು ಮಾಡಿದ ಒಟ್ಟು ಭಾಗಗಳ ಎಣಿಕೆ, ಯಾವಾಗಲೂ 40. ಹೀಗಾಗಿ ದಶಮಾಂಶದಲ್ಲಿ 2.9 ಎಂಬುದು 2.10ಕ್ಕಿಂತ ದೊಡ್ಡದಾದರೂ ಉತಾರದಲ್ಲಿ ಅದು ಒಂದು ಗುಂಟೆ ಚಿಕ್ಕದು. ಗುಂಟೆಯನ್ನು ದಶಮಾಂಶಕ್ಕೆ ಪರಿವರ್ತಿಸಬೇಕಾದವರು ಅದನ್ನು 40ರಿಂದ ಭಾಗಿಸಬೇಕು: 10/40 ಎಂಬುದನ್ನು ಸಂಕ್ಷೇಪಿಸಿದರೆ, ಅಂದರೆ ಅಂಶ ಛೇದಗಳೆರಡನ್ನೂ ಅವುಗಳ ಸಾಮಾನ್ಯ ಅಪವರ್ತನದಿಂದ ಭಾಗಿಸಿದರೆ, 1/4 ಆಗುತ್ತದೆ, ಆದ್ದರಿಂದ ಆ ಹೊಲ 2.25 ಎಕರೆ.

ಗುಂಟೆಯ ಕೆಳಗೆ ಆಣೆಯಿದೆ. 16 ಆಣೆಗೆ ಒಂದು ಗುಂಟೆ. ಈ ಲೆಕ್ಕವು ಮುಂಬಯಿ ಪ್ರಾಂತದ ಕಾಲದ ಮೋಜಣಿಯಲ್ಲಿ ಬಳಕೆಯಲ್ಲಿದ್ದ 33 ಅಡಿಯ ಸರಪಳಿಗೆ ಸೇರಿದ್ದು. ಆ ಸರಪಳಿಯನ್ನು 16 ಆಣೆಗಳಾಗಿ ಗುರುತು ಮಾಡಲಾಗುತ್ತಿದ್ದು, ಸರಪಳಿಯಷ್ಟು ಉದ್ದ, ಸರಪಳಿಯಷ್ಟೇ ಅಗಲದ ಚೌಕವೇ ಒಂದು ಗುಂಟೆ, ಅಂದರೆ 1,089 ಚದರ ಅಡಿ.

ಎರಡು ಪಾಲುಗಳಲ್ಲಿ ಯಾವುದು ದೊಡ್ಡದೆಂದು ತಿಳಿಯಲು ಅವುಗಳ ಛೇದಗಳು ಒಂದೇ ಆಗಿರಬೇಕು. ಎಕರೆಯ 3/8 ದೊಡ್ಡದೋ 2/5 ದೊಡ್ಡದೋ ಎಂದು ನೋಡಿದಾಕ್ಷಣ ಹೇಳಲಾಗದವರೂ ಅವನ್ನು 15 ಗುಂಟೆ, 16 ಗುಂಟೆ ಎಂದು ಬರೆದೊಡನೆ ಹೇಳಬಲ್ಲರು, ಏಕೆಂದರೆ 8 ಮತ್ತು 5 ಎರಡರಿಂದಲೂ ನಿಶ್ಶೇಷವಾಗಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 40. ಇಂದಿನ ಶಾಲೆಗಳಲ್ಲಿ ಲಘುತ್ತಮ ಸಾಮಾನ್ಯ ಅಪವರ್ತ್ಯವೆಂದು ಕಲಿಸುವ ಈ ಸಂಖ್ಯೆಯನ್ನು ‘ನಿರುದ್ಧ’ವೆಂದು ಕರೆದು, ಅದನ್ನು ಕಂಡುಹಿಡಿಯುವ ಸೂತ್ರವನ್ನು ಸುಮಾರು 850ರಲ್ಲಿಯೇ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟವನು ಮಹಾವೀರಾಚಾರ್ಯ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಹೆಸರು ಬರಲು ಕಾರಣನಾದ ಬಂಕೇಶನು ಯಾವ ಅಮೋಘವರ್ಷ ನೃಪತುಂಗನಿಗೆ ದಂಡನಾಯಕನಾಗಿದ್ದನೋ, ಅದೇ ರಾಷ್ಟ್ರಕೂಟ ಅರಸನನ್ನು ಈ ಗಣಿತಜ್ಞನು ತನ್ನ ಗ್ರಂಥದ ಆರಂಭದಲ್ಲಿ ಕೊಂಡಾಡಿದ್ದಾನೆ. ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಕೊನೆಗೆ ಉಳಿದ ಭಾಗಲಬ್ಧಗಳನ್ನೂ ಗುಣಿಸಬೇಕೆಂಬುದು ಅವನ ಸೂತ್ರ: 8 ಮತ್ತು 12ರ ಸಾಮಾನ್ಯ ಅಪವರ್ತನ 4, ಉಳಿದವು 2 ಮತ್ತು 3, ಮೂರರ ಗುಣಲಬ್ಧ 24. ಎರಡು ಛೇದಗಳನ್ನು ಕಣ್ಣುಮುಚ್ಚಿ ಗುಣಿಸಿ 96 ಎಂದು ಬರೆದು, ಆಮೇಲೆ ಸಂಕ್ಷೇಪಿಸುತ್ತ ಕೂರುವ ಇಂದಿನ ಅಭ್ಯಾಸಕ್ಕಿಂತ ಇದು ಎಷ್ಟೋ ಮೇಲು.

ಆದರೆ ನಿಜವಾದ ಸೋಜಿಗವಿರುವುದು ಮೂವರು ಅಣ್ಣತಮ್ಮಂದಿರ ವಾಟ್ನಿಯಲ್ಲಿ. ಒಂದು ಎಕರೆಗೆ 640 ಆಣೆ. ಈ 640 ಎಂಬುದು ಏಳು ಎರಡುಗಳ ಮತ್ತು ಒಂದು ಐದರ ಗುಣಲಬ್ಧ, ಅದರೊಳಗೆ ಮೂರು ಎಲ್ಲಿಯೂ ಇಲ್ಲ. ಆದ್ದರಿಂದ ಒಂದು ಎಕರೆಯನ್ನು ಇಬ್ಬರಿಗೆ, ನಾಲ್ವರಿಗೆ, ಐವರಿಗೆ, ಎಂಟು ಜನರಿಗೆ ಪೂರ್ಣ ಆಣೆಗಳಲ್ಲಿಯೇ ಹಂಚಬಹುದಾದರೂ ಮೂವರಿಗೆ ಹಂಚಲು ಬರುವುದಿಲ್ಲ. ತಲಾ 13 ಗುಂಟೆ 5 ಆಣೆ ಕೊಟ್ಟ ಮೇಲೂ ಒಂದು ಆಣೆ, ಅಂದರೆ 68 ಚದರ ಅಡಿಗಿಂತ ತುಸು ಹೆಚ್ಚು ನೆಲ, ಉಳಿದೇ ಉಳಿಯುತ್ತದೆ. ಇದಕ್ಕೆ ಅಳತೆಗೆ ಬಂದವರ ಕೈವಾಡವನ್ನು ಶಂಕಿಸುವುದೂ, ಮೂರು ಎಂಬ ಸಂಖ್ಯೆಯೇ ಅಶುಭವೆಂದು ಬಗೆಯುವುದೂ ಶುದ್ಧ ಅಜ್ಞಾನ; ದೋಷವಿರುವುದು ಮೂರರಲ್ಲಲ್ಲ, ಮೂರಕ್ಕೆ ಎಡೆಗೊಡದ ಛೇದದಲ್ಲಿ. ಹಳೆಯ ನಾಣ್ಯಪದ್ಧತಿಯಲ್ಲಿ ಈ ತೊಡಕೇ ಇರಲಿಲ್ಲ: ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ ಆಗಿ ಅದರಲ್ಲಿ ಮೂರು ಅಡಗಿದ್ದರಿಂದ, ಮೂವರಿಗೂ ತಲಾ 5 ಆಣೆ 4 ಪೈ ಸರಿಯಾಗಿ ಸಲ್ಲುತ್ತಿತ್ತು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯಾದಾಗ ಹಣವೂ ಹೊಲದ ಹಾಗೆಯೇ ಮೂರನ್ನು ಕಳೆದುಕೊಂಡಿತು.

ದಶಮಾಂಶಕ್ಕೆ ಪರಿವರ್ತಿಸಿದರೂ ಮೂರನೆಯ ಪಾಲು 0.333 ಎಂದು ಕೊನೆಯಿಲ್ಲದೆ ಬೆಳೆಯುತ್ತದೆಯೇ ಹೊರತು ಮುಗಿಯುವುದಿಲ್ಲ. ಆದ್ದರಿಂದ ವಾಟ್ನಿಪತ್ರದಲ್ಲಿ ‘ಮೂರನೆಯ ಒಂದು ಹಿಸ್ಸೆ’ ಎಂದು ಭಿನ್ನರಾಶಿಯನ್ನೇ ಉಳಿಸಿಕೊಳ್ಳುವುದು ಕರಾರುವಾಕ್ಕಾದ ಕ್ರಮ. ನೆಲದ ಮೇಲೆ ಆಣೆಗಳಲ್ಲಿಯೇ ಗಡಿ ಹಾಕಬೇಕಾಗಿ ಬಂದರೆ ಇಬ್ಬರಿಗೆ 13 ಗುಂಟೆ 5 ಆಣೆ, ಒಬ್ಬರಿಗೆ 13 ಗುಂಟೆ 6 ಆಣೆ ಎಂದು ಬರೆದು, ಆ ಹೆಚ್ಚಿನ ಆಣೆಯ ಮೂರರಲ್ಲಿ ಎರಡು ಭಾಗದ ಬೆಲೆಯನ್ನು ಉಳಿದಿಬ್ಬರಿಗೆ ಸಮನಾಗಿ ಕೊಡಿಸಿದರೆ ಲೆಕ್ಕ ಚುಕ್ತಾ ಆಗುತ್ತದೆ.