ನಿಂತಲ್ಲೇ ಕೆಡುವ ಕ್ಲಚ್ಚು

ಟೈರು, ಚೈನು, ಬ್ರೇಕ್ ಪ್ಯಾಡು ಸವೆಯುವುದು ಓಡಿದಷ್ಟು. ಹೈಡ್ರಾಲಿಕ್ ಕ್ಲಚ್ಚಿನ ಲೆಕ್ಕ ಬೇರೆ. ಬೈಕು ಒಂದು ಕಿಲೋಮೀಟರೂ ಓಡದೆ ಶೆಡ್ಡಿನಲ್ಲಿ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ, ನಿಂತಾಗಲೇ ಹೆಚ್ಚು ಬೇಗ ಆಗುತ್ತದೆ. ಮಗ ಹೊರದೇಶಕ್ಕೆ ಹೋದ ಮೇಲೆ ಮನೆಯಲ್ಲಿ ಟಾರ್ಪಾಲು ಹೊದ್ದು ಮೂರು ಮಳೆಗಾಲ ಕಳೆದ ದೊಡ್ಡ ಬೈಕಿಗೆ ಹೊಸ ಬ್ಯಾಟರಿ ಹಾಕಿದರೆ ಇಂಜಿನ್ ಸ್ಟಾರ್ಟ್ ಆಗಿಬಿಡಬಹುದು. ಕ್ಲಚ್ ಲಿವರ್ ಹಿಡಿದರೆ ಮಾತ್ರ ಅದು ಸಲೀಸಾಗಿ ಹ್ಯಾಂಡಲಿಗೆ ಬಂದು ತಾಗುತ್ತದೆ. ಗೇರ್ ಬೀಳುವುದಿಲ್ಲ.

ಇಂಥ ಹೊತ್ತಲ್ಲಿ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು, ‘ಪ್ಲೇಟ್ ಹೋಗಿದೆ, ಇಂಜಿನ್ ಬಿಚ್ಚಬೇಕು ಸಾರ್.’ ಬಿಚ್ಚುವ ಮೊದಲು ಲಿವರನ್ನು ನಾಲ್ಕು ಸಲ ನಿಧಾನವಾಗಿ ಒತ್ತಿ ನೋಡಿ ಎಂಬುದು ನನ್ನ ಒತ್ತಾಯ. ಕಾಯಿಲೆ ಎಲ್ಲಿದೆ ಎನ್ನುವುದು ಬಹುಪಾಲು ಅಲ್ಲೇ ತಿಳಿಯುತ್ತದೆ. ಅದಕ್ಕೆ ಒಳಗೆ ನಡೆಯುವುದೇನು ಎಂದು ಗೊತ್ತಿದ್ದರೆ ಸಾಕು.

ನಮ್ಮ ರಸ್ತೆಯ ಬಹುತೇಕ ಬೈಕುಗಳಲ್ಲಿ ಲಿವರಿನಿಂದ ಕ್ಲಚ್ಚಿಗೆ ಒಂದು ಉಕ್ಕಿನ ಕೇಬಲ್ ಹೋಗುತ್ತದೆ. ಸುಝುಕಿ ಹಯಬುಸಾದಂಥ ಬೈಕುಗಳಲ್ಲಿ ಆ ಜಾಗದಲ್ಲಿ ಇರುವುದು ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್, ವಾಸ್ತವದಲ್ಲಿ ಎಣ್ಣೆಯಲ್ಲ. ಗ್ಲೈಕಾಲ್ ಈಥರ್ ವರ್ಗದ ರಾಸಾಯನಿಕ ದ್ರವ. ಲಿವರ್ ಒತ್ತಿದಾಗ ಹ್ಯಾಂಡಲಿನ ಮೇಲಿರುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಈ ದ್ರವವನ್ನು ತಳ್ಳುತ್ತದೆ. ಇಂಜಿನ್ನಿನ ಪಕ್ಕದ ಸ್ಲೇವ್ ಸಿಲಿಂಡರಿನಲ್ಲಿ ಇನ್ನೊಂದು, ಅಗಲವಾದ ಪಿಸ್ಟನ್ ಸರಿದು ಪುಶ್ ರಾಡನ್ನು ನೂಕುತ್ತದೆ. ರಾಡು ಪ್ರೆಷರ್ ಪ್ಲೇಟನ್ನು ಎತ್ತುತ್ತದೆ, ಒತ್ತಿಕೊಂಡಿದ್ದ ಪ್ಲೇಟುಗಳು ಬಿಡಿಬಿಡಿಯಾಗುತ್ತವೆ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ ಎಂದು 17ನೇ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ತೋರಿಸಿದ ನಿಯಮವೇ ಇದು.

ಸ್ವಲ್ಪ ಲೆಕ್ಕ ಹಾಕೋಣ. ಮೇಲಿನ ಪಿಸ್ಟನ್ನಿನ ವ್ಯಾಸ 14 ಮಿ.ಮೀ., ಕೆಳಗಿನದ್ದು 35 ಮಿ.ಮೀ. ಎಂದಿಟ್ಟುಕೊಳ್ಳಿ. ವಿಸ್ತೀರ್ಣ 6.25 ಪಟ್ಟು ಹೆಚ್ಚು, ಆದ್ದರಿಂದ ಬಲವೂ ಅಷ್ಟೇ ಪಟ್ಟು. ಆದರೆ ಮೇಲಿನ ಪಿಸ್ಟನ್ 10 ಮಿ.ಮೀ. ಸರಿದರೆ ಕೆಳಗಿನದು ಸರಿಯುವುದು ಬರೀ 1.6 ಮಿ.ಮೀ. ಇಡೀ ಆಟದಲ್ಲಿ ಜಾಗ ಬದಲಿಸುವ ದ್ರವ ಒಂದೂವರೆ ಮಿಲಿಲೀಟರ್, ಅಂದರೆ ಟೀ ಚಮಚದ ಮೂರನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆಯೇ ಇರಬಹುದು. ಅದರೊಳಗೆ ಅರ್ಧ ಮಿಲಿಲೀಟರ್ ಗಾಳಿ ಸೇರಿಕೊಂಡಿತೆನ್ನಿ. ಪ್ಲೇಟುಗಳನ್ನು ಒತ್ತಿ ಹಿಡಿದ ಸ್ಪ್ರಿಂಗುಗಳನ್ನು ಮಣಿಸಲು 2000 ನ್ಯೂಟನ್ ಬಲ ಬೇಕಾದರೆ ದ್ರವದೊಳಗಿನ ಒತ್ತಡ ವಾತಾವರಣದ 20 ಪಟ್ಟು ದಾಟುತ್ತದೆ. ಆ ಒತ್ತಡಕ್ಕೆ ಗಾಳಿ ಕುಗ್ಗಿ ಇಲ್ಲವೆನ್ನುವಷ್ಟಾಗುತ್ತದೆ. ಲಿವರಿನ ಓಟದ ಮೂರನೇ ಒಂದು ಭಾಗ ಗಾಳಿಯನ್ನು ಹಿಸುಕುವುದಕ್ಕೇ ಖರ್ಚು. ಕೆಳಗಿನ ಪಿಸ್ಟನ್ನಿಗೆ ಉಳಿದ ಒಂದು ಮಿಲಿಮೀಟರಿನಲ್ಲಿ ಪ್ಲೇಟುಗಳು ಪೂರ್ತಿ ಬಿಡುವುದಿಲ್ಲ. ಪ್ಲೇಟುಗಳದ್ದು ಒಂದಿಷ್ಟೂ ತಪ್ಪಿಲ್ಲ.

ಬೈಕು ನಿಂತಾಗ ಕೆಡುವುದು ಯಾಕೆ? ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಮುಚ್ಚಳದ ಸಂದಿಯಿಂದ, ರಬ್ಬರ್ ಹೋಸಿನ ಗೋಡೆಯ ಮೂಲಕವೂ ನೀರಿನ ಅಂಶ ಸೇರುತ್ತಲೇ ಇರುತ್ತದೆ. ಕರಾವಳಿ, ಮಲೆನಾಡಿನ ಹವೆಯಲ್ಲಿ ಕೇಳುವುದೇ ಬೇಡ. ಹೊಸದರಲ್ಲಿ ತಿಳಿಯಾಗಿದ್ದ ದ್ರವ ಕಂದಾಗುತ್ತದೆ. ನೀರು ಸೇರಿದ ಮೇಲೆ ಸಿಲಿಂಡರಿನ ಅಲ್ಯೂಮಿನಿಯಂ ಕಿಲುಬು ಹಿಡಿದು ಬಿಳಿ ಪುಡಿ ಏಳುತ್ತದೆ, ರಬ್ಬರ್ ಸೀಲು ಒಂದೇ ಜಾಗದಲ್ಲಿ ಕೂತು ಗಡಸಾಗುತ್ತದೆ. ಬೈಕು ಓಡುತ್ತಿದ್ದರೆ ಪಿಸ್ಟನ್ ದಿನವೂ ಹಿಂದೆ ಮುಂದೆ ಸರಿದು ಆ ಜಾಗವನ್ನು ಒರೆಸಿಕೊಂಡೇ ಇರುತ್ತಿತ್ತು.

ಈಗ ಲಿವರಿಗೆ ಬರೋಣ. ಹಿಡಿದಾಗ ಮೆತ್ತಗಿದ್ದು, ಪದೇ ಪದೇ ಒತ್ತಿದರೆ ಸ್ವಲ್ಪ ಬಿಗಿಯಾದರೆ ಒಳಗೆ ಗಾಳಿಯಿದೆ. ಬಿಗಿಯಾಗಿ ಹಿಡಿದಿದ್ದಂತೆಯೇ ಮೆಲ್ಲಗೆ ಹ್ಯಾಂಡಲಿನತ್ತ ಜಾರಿದರೆ ಎಲ್ಲೋ ಸೀಲು ಬಿಟ್ಟಿದೆ. ಆಗ ಹ್ಯಾಂಡಲಿನ ಮೇಲಿರುವ ದ್ರವದ ಡಬ್ಬಿಯ ಮಟ್ಟ ನೋಡಬೇಕು. ಬ್ರೇಕಿನಲ್ಲಿ ಪ್ಯಾಡು ಸವೆದಂತೆ ಮಟ್ಟ ಇಳಿಯುತ್ತದೆ. ಹಯಬುಸಾದಂಥ ಕ್ಲಚ್ಚಿನಲ್ಲಿ ತಿರುಗುಮುರುಗು: ಪ್ಲೇಟು ಸವೆದಂತೆ ಪುಶ್ ರಾಡು ಸ್ಲೇವ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಮೇಲೆ ಮಟ್ಟ ಏರುತ್ತದೆ. ಹಾಗಾಗಿ ಇಲ್ಲಿ ಮಟ್ಟ ಇಳಿದಿದ್ದರೆ ಸವೆತದ ನೆಪ ಹೇಳುವ ಹಾಗಿಲ್ಲ, ಅದು ಸೋರಿಕೆಯೇ. ಲಿವರಿನ ಬುಡದ ರಬ್ಬರ್ ಹೊದಿಕೆ ಎಬ್ಬಿಸಿದಾಗ ಒದ್ದೆಯಿದ್ದರೆ ಮಾಸ್ಟರ್ ಸಿಲಿಂಡರು. ಎಡಗಡೆ ಮುಂದಿನ ಸ್ಪ್ರಾಕೆಟಿನ ಕವರಿನ ಕೆಳಗೆ ಜಿನುಗಿದ್ದರೆ ಸ್ಲೇವು. ಚೈನಿನ ಗ್ರೀಸು, ರಸ್ತೆಯ ಮಣ್ಣು ಎಲ್ಲ ಬಂದು ಮೆತ್ತಿಕೊಳ್ಳುವ ಜಾಗ ಅದು.

ಕೆಲವೊಮ್ಮೆ ಲಿವರ್ ಗಟ್ಟಿಯಾಗಿಯೇ ಇರುತ್ತದೆ, ಬೈಕು ಚೆನ್ನಾಗಿಯೇ ಹೊರಡುತ್ತದೆ. ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಇಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ. ಕ್ಲಚ್ ಸ್ಲಿಪ್ ಆಗುತ್ತಿದೆ. ಪ್ಲೇಟುಗಳು ಅನ್ಯಾಯವಾಗಿ ತಿಪ್ಪೆ ಸೇರುವುದು ಇಲ್ಲೇ. ಡಬ್ಬಿಯ ಮುಚ್ಚಳ ತೆಗೆದರೆ ತಳದಲ್ಲಿ ಎರಡು ತೂತುಗಳಿವೆ. ಒಂದು ದೊಡ್ಡದು, ಕಣ್ಣಿಗೆ ಬೀಳುತ್ತದೆ. ಇನ್ನೊಂದು ಸೂಜಿಮೊನೆಯಷ್ಟು, ಎಷ್ಟೋ ಬೈಕುಗಳಲ್ಲಿ ಪುಟ್ಟ ತಗಡಿನ ಕೆಳಗೆ ಅಡಗಿರುತ್ತದೆ. ಲಿವರ್ ಬಿಟ್ಟಾಗ ಹೋಸಿನಲ್ಲಿ ಉಳಿದ ಹೆಚ್ಚಿನ ದ್ರವ ಡಬ್ಬಿಗೆ ಮರಳುವುದು ಈ ಸಣ್ಣ ತೂತಿನಿಂದ. ಹಳೇ ದ್ರವ ಗಟ್ಟಿಯಾಗಿ ಅದನ್ನು ಮುಚ್ಚಿದರೆ, ದೊಡ್ಡ ತೂತಿನಿಂದ ಬಂದ ದ್ರವ ಸೀಲಿನ ಅಂಚು ದಾಟಿ ಒಳಗೆ ಹೋಗುತ್ತದೆ, ಹೊರಬರುವ ದಾರಿ ಇಲ್ಲ. ಬಿಸಿಗೆ ಹಿಗ್ಗಿದ ದ್ರವ ಸ್ಲೇವ್ ಪಿಸ್ಟನ್ನನ್ನು ತಳ್ಳುತ್ತದೆ; ಯಾರೂ ಲಿವರ್ ಮುಟ್ಟದಿದ್ದರೂ ಕ್ಲಚ್ ಅರ್ಧ ಹಿಡಿದ ಸ್ಥಿತಿ.

ಪರೀಕ್ಷೆ ಸುಲಭ. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿ, ಏಕೆಂದರೆ ಈ ದ್ರವ ಬಿದ್ದಲ್ಲಿ ಪೇಂಟ್ ಎದ್ದು ಬರುತ್ತದೆ. ಕಣ್ಣಿಗೆ ಕನ್ನಡಕವಿರಲಿ. ಲಿವರನ್ನು ಮೆಲ್ಲಗೆ ಕೂದಲೆಳೆಯಷ್ಟು ಒತ್ತಿ. ಸಣ್ಣ ತೂತು ತೆರೆದಿದ್ದರೆ ದ್ರವದ ಮೇಲ್ಮೈಯಲ್ಲಿ ಒಂದು ಪುಟ್ಟ ಬುಗ್ಗೆ ಚಿಮ್ಮುತ್ತದೆ. ಏನೂ ಅಲುಗಾಡದಿದ್ದರೆ ಕಟ್ಟಿದೆ. ಹಳೇ ದ್ರವ ಹೀರಿ ತೆಗೆದು, ಆಕ್ಸಿಲರೇಟರ್ ಕೇಬಲಿನ ಒಂದೇ ಒಂದು ಎಳೆಯನ್ನು ಮೃದುವಾಗಿ ಆಡಿಸಿದರೆ ಬಿಡುತ್ತದೆ. ಡ್ರಿಲ್ ಬಿಟ್ ಹಾಕಿ ತೂತು ದೊಡ್ಡದು ಮಾಡಬಾರದು, ಅದರ ಅಂಚು ಸೀಲನ್ನು ಕೊರೆದುಬಿಡುತ್ತದೆ.

ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು. ನಮ್ಮ ಗ್ಯಾರೇಜುಗಳಲ್ಲಿ ಏನು ಬಿಚ್ಚಿದರೂ ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆಯುವ ರೂಢಿ. ಈ ಸಿಲಿಂಡರುಗಳಿಗೆ ಅದು ವಿಷ. ಇಲ್ಲಿನ ಸೀಲುಗಳ ಎಥಿಲೀನ್-ಪ್ರೊಪಿಲೀನ್ ರಬ್ಬರು ಪೆಟ್ರೋಲಿಯಂ ತಾಗಿದರೆ ಊದಿಕೊಳ್ಳುತ್ತದೆ. ತೊಳೆಯಲು ಹೊಸ ಬ್ರೇಕ್ ಆಯಿಲನ್ನೇ ಬಳಸಿ. ಮುಚ್ಚಳದ ಮೇಲೆ ಬರೆದ ದ್ರವವನ್ನೇ, ಸೀಲ್ ಒಡೆಯದ ಬಾಟಲಿಯಿಂದಲೇ ಹಾಕಿ. ಕೆಲವು ಬೈಕುಗಳ ಕ್ಲಚ್ಚಿಗೆ ನಿಜವಾದ ಖನಿಜ ತೈಲವೇ ಬೇಕು. ಅದರೊಳಗೆ ಡಾಟ್ 4 ಬ್ರೇಕ್ ಆಯಿಲ್ ಹಾಕಿದರೂ ಅಷ್ಟೇ ಅನಾಹುತ.

ಗಾಳಿ ತೆಗೆಯುವುದಕ್ಕೆ ತಾಳ್ಮೆ ಬೇಕು. ಗುಳ್ಳೆ ಮೇಲಕ್ಕೆ ಏರಬೇಕು, ನಾವು ಮೇಲಿನಿಂದ ಕೆಳಗೆ ತಳ್ಳುತ್ತೇವೆ. ಅದಕ್ಕೇ ಸಿರಿಂಜಿನಿಂದ ಕೆಳಗೆ ಸ್ಲೇವ್ ಸಿಲಿಂಡರಿನ ನಿಪ್ಪಲ್ಲಿನ ಮೂಲಕ ಮೇಲಕ್ಕೆ ದ್ರವ ತುಂಬುವ ವಿಧಾನವೇ ನನಗೆ ಹಿಡಿಸಿದ್ದು. ಹೋಸು ಮಾಸ್ಟರ್ ಸಿಲಿಂಡರಿಗೆ ಸೇರುವ ಬ್ಯಾಂಜೋ ಬೋಲ್ಟಿನ ಹತ್ತಿರ ಕೊನೆಯ ಗುಳ್ಳೆ ಸಿಕ್ಕಿಕೊಂಡಿರುತ್ತದೆ. ಹ್ಯಾಂಡಲ್ ತಿರುಗಿಸಿ ಡಬ್ಬಿ ಎಲ್ಲಕ್ಕಿಂತ ಮೇಲೆ ಬರುವಂತೆ ಮಾಡಿ, ಹೋಸಿಗೆ ಬೆರಳಿನಿಂದ ತಟ್ಟಬೇಕು.

ಲಿವರ್ ಎಲ್ಲ ರೀತಿಯಲ್ಲೂ ಸರಿಯಿದ್ದು, ಡಬ್ಬಿ ತುಂಬಿದ್ದು, ಆದರೂ ಕ್ಲಚ್ ಹಿಡಿದು ಗೇರಿಗೆ ಹಾಕಿದರೆ ಬೈಕು ಮುಂದಕ್ಕೆ ನೆಗೆದರೆ ಮಾತ್ರ ಪ್ಲೇಟಿನ ಸರದಿ. ಆಗಲೂ ಅವು ಹಾಳಾಗಿರಬೇಕಿಲ್ಲ, ಆರಿದ ಇಂಜಿನ್ ಆಯಿಲಿಗೆ ಒಂದಕ್ಕೊಂದು ಅಂಟಿರುತ್ತವೆ. ನ್ಯೂಟ್ರಲ್ಲಿನಲ್ಲಿ ಇಂಜಿನ್ ಬಿಸಿ ಮಾಡಿ ಆಫ್ ಮಾಡಿ, ಗೇರಿಗೆ ಹಾಕಿ, ಕ್ಲಚ್ ಹಿಡಿದು ಬೈಕನ್ನು ಹಿಂದೆ ಮುಂದೆ ನೂಕಿದರೆ ಬಹಳ ಸಲ ಬಿಡುತ್ತವೆ.

ಇಷ್ಟು ಮಾಡಿದವರು ಬಲಗಡೆಯ ಡಬ್ಬಿಯನ್ನೂ ಅವತ್ತೇ ತೆರೆಯಬೇಕು. ಮುಂದಿನ ಬ್ರೇಕಿನದ್ದೂ ಸಾಮಾನ್ಯವಾಗಿ ಅದೇ ದ್ರವ, ಅಷ್ಟೇ ವಯಸ್ಸು, ಅಂಥದ್ದೇ ಸಣ್ಣ ತೂತು. ಅಲ್ಲಿ ಬಿಸಿಯೂ ಸೇರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ, ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬಿಡದೆ ಬ್ರೇಕ್ ಹಿಡಿದರೆ ದ್ರವದೊಳಗಿನ ಆ ನೀರು ಆವಿಯಾಗುತ್ತದೆ, ಮತ್ತು ಆವಿ ಕೂಡ ಗಾಳಿಯಂತೆಯೇ ಕುಗ್ಗುತ್ತದೆ.